ಮಕ್ಕಳ ಹೆಸರಿಗೆ ಕಾನೂನಿನ ಮೊಹರು: ನ್ಯಾಯಾಲಯದ ದಾಖಲೆಗಳು ಮತ್ತು ಅಪ್ರಾಪ್ತರ ಖಾಸಗಿತನ

ಮಗುವೊಂದು ಪೊಲೀಸ್ ಠಾಣೆಯ ಅಥವಾ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಗಿ ಬಂದಾಗ ಹೆತ್ತವರ ಮನಸ್ಸಿನಲ್ಲಿ ಮೊದಲು ಮೂಡುವ ಭಯ ಶಿಕ್ಷೆಯದ್ದಲ್ಲ. "ನಾಳೆ ಊರಿಗೆಲ್ಲ ಗೊತ್ತಾದರೆ ಏನು ಗತಿ? ಮಗುವಿನ ಹೆಸರು ಪೇಪರಿನಲ್ಲಿ ಬಂದರೆ?" ಎಂಬುದೇ ಅವರ ಚಿಂತೆ. ಈ ಭಯದಿಂದಾಗಿ ಎಷ್ಟೋ ಕುಟುಂಬಗಳು ದೂರು ಕೊಡದೆ ಸುಮ್ಮನಾಗುತ್ತವೆ. ಆದರೆ ಮಕ್ಕಳ ಹೆಸರನ್ನು ಗುಟ್ಟಾಗಿಡಲು ನಮ್ಮ ದೇಶದ ಕಾನೂನಿನಲ್ಲಿ ಬಲವಾದ ವ್ಯವಸ್ಥೆ ಇದೆ. ಅದನ್ನು ತಿಳಿದವರು ಕಡಿಮೆ. ಹೆತ್ತವರು, ಶಿಕ್ಷಕರು, ಹಾಸ್ಟೆಲ್ ಮೇಲ್ವಿಚಾರಕರು ಹಾಗೂ ಯುವಜನರ ಉಪಯೋಗಕ್ಕಾಗಿ ಆ ವಿವರಗಳನ್ನು ಇಲ್ಲಿ ಒಟ್ಟುಗೂಡಿಸಿ ನೀಡುತ್ತಿದ್ದೇವೆ.

ದಾಖಲೆ ಮೊಹರು ಮಾಡುವುದು ಎಂದರೇನು?

ಸಾಮಾನ್ಯ ಮಾತಿನಲ್ಲಿ 'ದಾಖಲೆಗೆ ಮೊಹರು' ಎಂದಾಗ ನಾಲ್ಕು ಬೇರೆ ಬೇರೆ ಕ್ರಮಗಳು ಅದರಲ್ಲಿ ಸೇರಿರುತ್ತವೆ. ಇವುಗಳ ವ್ಯತ್ಯಾಸ ತಿಳಿದಿರುವುದು ಅವಶ್ಯ.

1. ಮುಚ್ಚಿದ ಬಾಗಿಲಿನ ವಿಚಾರಣೆ: ಇದನ್ನು 'ಇನ್ ಕ್ಯಾಮೆರಾ' ವಿಚಾರಣೆ ಎನ್ನುತ್ತಾರೆ. ಇದಕ್ಕೂ ಫೋಟೊ ತೆಗೆಯುವ ಕ್ಯಾಮೆರಾಕ್ಕೂ ಸಂಬಂಧವಿಲ್ಲ. ಲ್ಯಾಟಿನ್ ಭಾಷೆಯಲ್ಲಿ ಕ್ಯಾಮೆರಾ ಎಂದರೆ ಕೋಣೆ. ಪ್ರಕರಣಕ್ಕೆ ಸಂಬಂಧಪಟ್ಟವರ ಹೊರತು ಇತರರಿಗೆ ಪ್ರವೇಶವಿಲ್ಲದ ವಿಚಾರಣೆ ಇದು.

2. ಹೆಸರು ಮರೆಮಾಡುವುದು: ಆದೇಶ ಮತ್ತು ತೀರ್ಪುಗಳಲ್ಲಿ ಮಗುವಿನ ಹೆಸರಿನ ಬದಲು 'ಎಕ್ಸ್', 'ನೊಂದ ಬಾಲಕಿ' ಎಂದು ಬರೆಯುವುದು.

3. ಮುಚ್ಚಿದ ಲಕೋಟೆ: ಹೆಸರು, ವಿಳಾಸ ಇರುವ ಮೂಲ ಕಾಗದಪತ್ರಗಳನ್ನು ಮೊಹರು ಹಾಕಿದ ಲಕೋಟೆಯಲ್ಲಿಟ್ಟು, ಸಾಮಾನ್ಯ ಕಡತದಲ್ಲಿ ಹೆಸರು ತೆಗೆದ ಪ್ರತಿಯನ್ನು ಇಡುವುದು.

4. ದಾಖಲೆ ನಾಶ: ನಿಗದಿತ ಅವಧಿ ಮುಗಿದ ಮೇಲೆ ಕಡತವನ್ನೇ ಇಲ್ಲವಾಗಿಸುವುದು. ಕಾನೂನಿನೊಂದಿಗೆ ಸಂಘರ್ಷಕ್ಕೆ ಒಳಗಾದ, ಅಂದರೆ ತಪ್ಪು ಮಾಡಿದ ಆಪಾದನೆ ಇರುವ ಮಕ್ಕಳಿಗೆ ಇದು ಅನ್ವಯಿಸುತ್ತದೆ.

ತೆರೆದ ನ್ಯಾಯಾಲಯ ಮತ್ತು ಅದರ ಅಪವಾದ

ನ್ಯಾಯದಾನ ಎಲ್ಲರ ಕಣ್ಣೆದುರು ನಡೆಯಬೇಕು ಎಂಬುದು ಮೂಲ ನಿಯಮ. ಗುಟ್ಟಾಗಿ ನಡೆಯುವ ವಿಚಾರಣೆಯಲ್ಲಿ ಅನ್ಯಾಯವಾದರೆ ಕೇಳುವವರಿಲ್ಲ. 1966ರಲ್ಲಿ ನರೇಶ್ ಶ್ರೀಧರ್ ಮಿರಾಜ್ಕರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಈ ನಿಯಮವನ್ನು ಎತ್ತಿಹಿಡಿಯಿತು. ಆದರೆ ನ್ಯಾಯದ ಹಿತಕ್ಕಾಗಿ ಅಗತ್ಯವಿದ್ದಲ್ಲಿ ಬಾಗಿಲು ಮುಚ್ಚಿ ವಿಚಾರಣೆ ನಡೆಸುವ ಅಧಿಕಾರವೂ ನ್ಯಾಯಾಲಯಕ್ಕಿದೆ ಎಂದು ಅದೇ ತೀರ್ಪು ಹೇಳಿತು.

ಮಕ್ಕಳ ವಿಷಯದಲ್ಲಿ ಈ ಅಪವಾದವೇ ನಿಯಮವಾಗಿದೆ. ಕಾರಣ ಸರಳ. ದೊಡ್ಡವರು ತಮ್ಮ ಮೇಲೆ ಬಂದ ಮಾತಿಗೆ ಉತ್ತರ ಕೊಡಬಲ್ಲರು, ಊರು ಬಿಟ್ಟು ಹೋಗಬಲ್ಲರು. ಮಗು ಮರುದಿನ ಅದೇ ಶಾಲೆಗೆ, ಅದೇ ಬೆಂಚಿಗೆ ಹೋಗಬೇಕು. 13ನೇ ವಯಸ್ಸಿನಲ್ಲಿ ಅಂಟಿದ ಹೆಸರು 30ನೇ ವಯಸ್ಸಿನಲ್ಲಿ ಮದುವೆಯ ಮಾತುಕತೆಯ ಸಮಯದಲ್ಲೂ ಎದುರಾಗುತ್ತದೆ.

ಅಂತಾರಾಷ್ಟ್ರೀಯ ಮಟ್ಟದಲ್ಲೂ ಇದಕ್ಕೆ ಮಾನ್ಯತೆ ಇದೆ. ವಿಶ್ವಸಂಸ್ಥೆಯ 1985ರ ಬೀಜಿಂಗ್ ನಿಯಮಗಳು ಬಾಲಾಪರಾಧಿಗಳ ಗುರುತು ಪ್ರಕಟಿಸಬಾರದು, ಅವರ ದಾಖಲೆಗಳನ್ನು ಹೊರಗಿನವರಿಗೆ ಕೊಡಬಾರದು ಎನ್ನುತ್ತವೆ. 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 16 ಮತ್ತು 40ನೇ ವಿಧಿಗಳು ವಿಚಾರಣೆಯ ಎಲ್ಲ ಹಂತಗಳಲ್ಲೂ ಮಗುವಿನ ಖಾಸಗಿತನವನ್ನು ಗೌರವಿಸಬೇಕೆಂದು ವಿಧಿಸುತ್ತವೆ. ಭಾರತ 1992ರ ಡಿಸೆಂಬರ್‌ನಲ್ಲಿ ಈ ಒಡಂಬಡಿಕೆಯನ್ನು ಒಪ್ಪಿಕೊಂಡಿತು. ಖಾಸಗಿತನವು ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್ 2017ರ ಆಗಸ್ಟ್ 24ರಂದು ಸಾರಿತು. ಆ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಎಂಬುದು ಕನ್ನಡಿಗರಾದ ನಾವು ನೆನಪಿಡಬೇಕಾದ ಸಂಗತಿ.

ಬಾಲನ್ಯಾಯ ಕಾಯ್ದೆಯ ಕಲಂ 74

2016ರ ಜನವರಿ 15ರಿಂದ ಜಾರಿಯಲ್ಲಿರುವ ಬಾಲನ್ಯಾಯ (ಮಕ್ಕಳ ಪಾಲನೆ ಮತ್ತು ರಕ್ಷಣೆ) ಕಾಯ್ದೆ 2015 ಈ ವಿಷಯದಲ್ಲಿ ಮುಖ್ಯವಾದದ್ದು. ಇದರಂತೆ 18 ವರ್ಷ ತುಂಬದ ಪ್ರತಿಯೊಬ್ಬರೂ ಮಕ್ಕಳೇ. ಕಲಂ 74ರ ಪ್ರಕಾರ ಪತ್ರಿಕೆ, ನಿಯತಕಾಲಿಕ, ದೃಶ್ಯ ಶ್ರವಣ ಮಾಧ್ಯಮ ಅಥವಾ ಇತರ ಯಾವುದೇ ಸಂವಹನ ಸಾಧನದಲ್ಲಿ ಮಗುವಿನ ಹೆಸರು, ವಿಳಾಸ, ಶಾಲೆ ಅಥವಾ ಗುರುತು ಹಿಡಿಯಲು ನೆರವಾಗುವ ಇತರ ವಿವರ ಹಾಗೂ ಭಾವಚಿತ್ರ ಪ್ರಕಟಿಸುವಂತಿಲ್ಲ.

ಇದು ಅಪರಾಧಕ್ಕೆ ತುತ್ತಾದ ಮಗುವಿಗೆ ಮಾತ್ರ ಸೀಮಿತವಲ್ಲ. ತಪ್ಪು ಮಾಡಿದ ಆಪಾದನೆ ಇರುವ ಮಗು, ಪಾಲನೆ ಮತ್ತು ರಕ್ಷಣೆ ಅಗತ್ಯವಿರುವ ಮಗು, ಅಪರಾಧಕ್ಕೆ ಸಾಕ್ಷಿಯಾದ ಮಗು, ಎಲ್ಲರಿಗೂ ಈ ರಕ್ಷಣೆ ಇದೆ. ಮಗುವಿನ ಹಿತಕ್ಕೆ ಅಗತ್ಯವೆಂದು ಕಂಡಲ್ಲಿ ಮಾತ್ರ ವಿಚಾರಣೆ ನಡೆಸುವ ಬಾಲನ್ಯಾಯ ಮಂಡಳಿ ಅಥವಾ ಮಕ್ಕಳ ಕಲ್ಯಾಣ ಸಮಿತಿ ಲಿಖಿತ ಕಾರಣ ನೀಡಿ ಅನುಮತಿ ಕೊಡಬಹುದು. ಉಲ್ಲಂಘಿಸಿದವರಿಗೆ 6 ತಿಂಗಳವರೆಗೆ ಸೆರೆವಾಸ ಅಥವಾ 2 ಲಕ್ಷ ರೂಪಾಯಿವರೆಗೆ ದಂಡ ಅಥವಾ ಇವೆರಡನ್ನೂ ವಿಧಿಸಬಹುದು. ಇದೇ ತಪ್ಪಿಗೆ 2000ದ ಕಾಯ್ದೆಯಲ್ಲಿ ಮೊದಲು ಇದ್ದ ದಂಡ 1,000 ರೂಪಾಯಿ. 2006ರ ತಿದ್ದುಪಡಿಯಲ್ಲಿ ಅದು 25,000 ಆಯಿತು. ಕಾನೂನು ಈ ವಿಷಯವನ್ನು ಎಷ್ಟು ಗಂಭೀರವಾಗಿ ಕಾಣತೊಡಗಿದೆ ಎಂಬುದಕ್ಕೆ ಈ ಅಂಕಿಗಳೇ ಸಾಕ್ಷಿ.

ನ್ಯಾಯಾಲಯಗಳೂ ಈ ನಿಯಮಕ್ಕೆ ಹೊರತಲ್ಲ. 2020ರ ಜನವರಿಯಲ್ಲಿ ಪ್ರಕರಣವೊಂದರ ತೀರ್ಪು ನೀಡುವಾಗ, ಹೈಕೋರ್ಟಿನ ಆದೇಶದಲ್ಲೇ ಬಾಲಕನ ಹೆಸರು ಉಲ್ಲೇಖವಾಗಿರುವುದನ್ನು ಸುಪ್ರೀಂ ಕೋರ್ಟ್ ಗಮನಿಸಿ, ಅದನ್ನು ತೆಗೆದುಹಾಕುವಂತೆ ಸೂಚಿಸಿತು.

ಪೋಕ್ಸೊ ಪ್ರಕರಣಗಳಲ್ಲಿ

ಲೈಂಗಿಕ ಅಪರಾಧಗಳಿಂದ ಮಕ್ಕಳ ರಕ್ಷಣೆಯ ಕಾಯ್ದೆ, ಅಂದರೆ ಪೋಕ್ಸೊ, 2012ರ ನವೆಂಬರ್ 14ರಂದು ಜಾರಿಗೆ ಬಂತು. ಹಂತ ಹಂತವಾಗಿ ಇದು ನೀಡುವ ರಕ್ಷಣೆ ಹೀಗಿದೆ:

* ಹೇಳಿಕೆ ಪಡೆಯುವಾಗ (ಕಲಂ 24): ಮಗುವಿನ ಮನೆಯಲ್ಲಿ ಅಥವಾ ಮಗು ಇಷ್ಟಪಡುವ ಸ್ಥಳದಲ್ಲಿ, ಸಾಧ್ಯವಾದಷ್ಟು ಮಹಿಳಾ ಅಧಿಕಾರಿಯೇ ಹೇಳಿಕೆ ಪಡೆಯಬೇಕು. ಪೊಲೀಸರು ಸಮವಸ್ತ್ರದಲ್ಲಿ ಇರಬಾರದು. ಮಗುವಿನ ಗುರುತು ಮಾಧ್ಯಮಗಳಿಗೆ ಸಿಗದಂತೆ ನೋಡಿಕೊಳ್ಳುವುದು ಪೊಲೀಸರ ಹೊಣೆ.

* ಮಾಧ್ಯಮಗಳಿಗೆ (ಕಲಂ 23): ಹೆಸರು, ವಿಳಾಸ, ಭಾವಚಿತ್ರ, ಕುಟುಂಬದ ವಿವರ, ಶಾಲೆ, ನೆರೆಹೊರೆ ಯಾವುದನ್ನೂ ಪ್ರಕಟಿಸಬಾರದು. ತಪ್ಪಿದರೆ 6 ತಿಂಗಳಿಗೆ ಕಡಿಮೆಯಿಲ್ಲದ, 1 ವರ್ಷದವರೆಗಿನ ಸೆರೆವಾಸ ಅಥವಾ ದಂಡ ಅಥವಾ ಎರಡೂ. ವರದಿಗಾರರ ಜೊತೆ ಮಾಲೀಕರೂ ಪ್ರಕಾಶಕರೂ ಹೊಣೆಗಾರರು.

* ನ್ಯಾಯಾಲಯದಲ್ಲಿ (ಕಲಂ 33, 36, 37): ವಿಚಾರಣೆ ಮುಚ್ಚಿದ ಬಾಗಿಲಿನಲ್ಲಿ, ಹೆತ್ತವರ ಅಥವಾ ಮಗುವಿಗೆ ನಂಬಿಕೆಯಿರುವ ವ್ಯಕ್ತಿಯ ಸಮ್ಮುಖದಲ್ಲಿ ನಡೆಯಬೇಕು. ಸಾಕ್ಷ್ಯ ನುಡಿಯುವಾಗ ಮಗು ಆರೋಪಿಯ ಕಣ್ಣೆದುರು ಬರಬಾರದು. ತನಿಖೆ ಮತ್ತು ವಿಚಾರಣೆಯ ಯಾವ ಹಂತದಲ್ಲೂ ಗುರುತು ಬಯಲಾಗದಂತೆ ವಿಶೇಷ ನ್ಯಾಯಾಲಯ ನೋಡಿಕೊಳ್ಳಬೇಕು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಪೋಕ್ಸೊ ಪ್ರಕರಣದಲ್ಲಿ ಹೆತ್ತವರು ಒಪ್ಪಿಗೆ ಕೊಟ್ಟರೂ ಮಗುವಿನ ಹೆಸರು ಪ್ರಕಟಿಸುವಂತಿಲ್ಲ. ಆ ಅನುಮತಿ ನೀಡುವ ಅಧಿಕಾರ ವಿಶೇಷ ನ್ಯಾಯಾಲಯಕ್ಕೆ ಮಾತ್ರ ಇದೆ. ಅದೂ ಮಗುವಿನ ಹಿತಕ್ಕಾಗಿ ಇದ್ದರೆ ಮಾತ್ರ.

2018ರ ತೀರ್ಪು ಮತ್ತು ಮುಚ್ಚಿದ ಲಕೋಟೆ

ದಾಖಲೆಗಳ ಮೊಹರಿನ ಬಗ್ಗೆ ಇಂದು ಎಲ್ಲರೂ ಆಧಾರವಾಗಿ ಹಿಡಿಯುವುದು ನಿಪುಣ್ ಸಕ್ಸೇನಾ ವಿರುದ್ಧ ಭಾರತ ಸರಕಾರ ಪ್ರಕರಣದ ತೀರ್ಪನ್ನು. 2018ರ ಡಿಸೆಂಬರ್ 11ರಂದು ನ್ಯಾಯಮೂರ್ತಿಗಳಾದ ಮದನ್ ಬಿ. ಲೋಕೂರ್ ಮತ್ತು ದೀಪಕ್ ಗುಪ್ತಾ ಅವರ ಪೀಠ ಇದನ್ನು ನೀಡಿತು. ಇದರ ಮುಖ್ಯ ನಿರ್ದೇಶನಗಳು:

* ನೊಂದವರ ಹೆಸರನ್ನಾಗಲಿ, ದೂರದಿಂದಾದರೂ ಗುರುತು ಹಿಡಿಯಲು ಸಾಧ್ಯವಾಗುವ ವಿವರವನ್ನಾಗಲಿ ಯಾರೂ ಮುದ್ರಿಸಬಾರದು, ಪ್ರಸಾರ ಮಾಡಬಾರದು.
* ಪೋಕ್ಸೊ ಪ್ರಕರಣಗಳ ಎಫ್‌ಐಆರ್ ಸಾರ್ವಜನಿಕರಿಗೆ ಸಿಗುವಂತೆ ಇಡಬಾರದು. ಇತರ ಎಫ್‌ಐಆರ್‌ಗಳಂತೆ ಇವನ್ನು ಪೊಲೀಸ್ ಜಾಲತಾಣದಲ್ಲಿ ಹಾಕುವಂತಿಲ್ಲ.
* ಹೆಸರಿರುವ ದಾಖಲೆಗಳನ್ನು ಪೊಲೀಸರು ಸಾಧ್ಯವಾದಷ್ಟು ಮುಚ್ಚಿದ ಲಕೋಟೆಯಲ್ಲಿಟ್ಟು, ಜನರು ನೋಡಬಹುದಾದ ಕಡತದಲ್ಲಿ ಹೆಸರು ತೆಗೆದ ಪ್ರತಿಗಳನ್ನು ಇಡಬೇಕು.
* ತನಿಖೆಯ ಕಾರಣದಿಂದ ಹೆಸರು ತಿಳಿದುಕೊಂಡ ಎಲ್ಲ ಅಧಿಕಾರಿಗಳೂ ಗುಟ್ಟು ಕಾಯಬೇಕು. ತಮ್ಮ ವರದಿಯನ್ನು ಮುಚ್ಚಿದ ಲಕೋಟೆಯಲ್ಲೇ ಕಳುಹಿಸಬೇಕು.
* ನೊಂದವರು ಮೇಲ್ಮನವಿ ಸಲ್ಲಿಸುವಾಗ ತಮ್ಮ ಗುರುತು ಬಹಿರಂಗಪಡಿಸಬೇಕಾಗಿಲ್ಲ.

ಮಗು ತೀರಿಹೋದ ಮಾತ್ರಕ್ಕೆ ಈ ರಕ್ಷಣೆ ಮುಗಿಯುವುದಿಲ್ಲ ಎಂಬುದೂ ಆ ತೀರ್ಪಿನ ಸಾರ. ಅದೇ 2018ರಲ್ಲಿ ಜಮ್ಮುವಿನ ಕಠುವಾದಲ್ಲಿ ಕೊಲೆಯಾದ 8 ವರ್ಷದ ಬಾಲಕಿಯ ಹೆಸರು ಮತ್ತು ಚಿತ್ರ ದೇಶದಾದ್ಯಂತ ಹರಿದಾಡಿತ್ತು. ಅವಳ ಗುರುತು ಪ್ರಕಟಿಸಿದ 12 ಮಾಧ್ಯಮ ಸಂಸ್ಥೆಗಳು ತಲಾ 10 ಲಕ್ಷ ರೂಪಾಯಿ ಕೊಡುವಂತೆ ದೆಹಲಿ ಹೈಕೋರ್ಟ್ ಏಪ್ರಿಲ್‌ನಲ್ಲಿ ಆದೇಶಿಸಿತು. ಆ ಹಣ ಜಮ್ಮು ಮತ್ತು ಕಾಶ್ಮೀರದ ಸಂತ್ರಸ್ತರ ಪರಿಹಾರ ನಿಧಿಗೆ ಹೋಯಿತು.

ಇದಕ್ಕೂ ಮೊದಲು, 1983ರಲ್ಲಿ ದಂಡ ಸಂಹಿತೆಗೆ ಸೇರಿಸಿದ ಕಲಂ 228-ಎ ಅತ್ಯಾಚಾರಕ್ಕೆ ಒಳಗಾದವರ ಹೆಸರು ಪ್ರಕಟಿಸುವುದನ್ನು ನಿಷೇಧಿಸಿತ್ತು. ಕರ್ನಾಟಕದ ಪ್ರಕರಣವೊಂದರ ಮೇಲ್ಮನವಿಯಲ್ಲಿ 2003ರಲ್ಲಿ ಸುಪ್ರೀಂ ಕೋರ್ಟ್, ತೀರ್ಪುಗಳಲ್ಲೂ ಹೆಸರು ಬರೆಯದಿರುವುದು ಸೂಕ್ತ ಎಂದು ಹೇಳಿ, ನೊಂದ ಮಹಿಳೆಯನ್ನು 'ಸಂತ್ರಸ್ತೆ' ಎಂದೇ ಕರೆಯಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇದೇ ನಿಯಮ ಕಲಂ 72ರಲ್ಲಿದೆ. ಇದಕ್ಕೆ 2 ವರ್ಷದವರೆಗೆ ಶಿಕ್ಷೆ ಇದೆ.

ತಪ್ಪು ಮಾಡಿದ ಮಗುವಿನ ದಾಖಲೆ ಏನಾಗುತ್ತದೆ?

15ರ ಹುಡುಗನೊಬ್ಬ ಗೆಳೆಯರ ಜೊತೆ ಸೇರಿ ಬೈಕ್ ಕದ್ದು ಸಿಕ್ಕಿಬಿದ್ದ ಎಂದಿಟ್ಟುಕೊಳ್ಳೋಣ. 22ನೇ ವಯಸ್ಸಿನಲ್ಲಿ ಅವನಿಗೆ ಗಲ್ಫ್‌ನಲ್ಲಿ ಕೆಲಸ ಸಿಗುವಂತಿದೆ, ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್ ಬೇಕು. ಕರಾವಳಿಯ ಮನೆಗಳಲ್ಲಿ ಇದು ಬರೀ ಕಲ್ಪನೆಯ ಪ್ರಶ್ನೆಯಲ್ಲ.

ಬಾಲನ್ಯಾಯ ಕಾಯ್ದೆಯು 'ಹೊಸ ಆರಂಭ'ವನ್ನು ತನ್ನ ಮೂಲ ತತ್ವಗಳಲ್ಲಿ ಒಂದಾಗಿ ಹೇಳುತ್ತದೆ. ಕಲಂ 24ರ ಪ್ರಕಾರ ಈ ಕಾಯ್ದೆಯಡಿ ವಿಚಾರಣೆಗೊಳಗಾದ ಮಗುವಿಗೆ ಮುಂದೆ ಆ ಕಾರಣದಿಂದ ಯಾವುದೇ ಅನರ್ಹತೆ ಅಂಟಬಾರದು. ಮೇಲ್ಮನವಿಯ ಅವಧಿ ಅಥವಾ ನಿಯಮಗಳಲ್ಲಿ ಹೇಳಿದ ಅವಧಿ ಮುಗಿದ ಮೇಲೆ ದಾಖಲೆಗಳನ್ನು ನಾಶಪಡಿಸುವಂತೆ ಮಂಡಳಿ ಪೊಲೀಸರಿಗೆ ಆದೇಶಿಸಬೇಕು. 2016ರ ಮಾದರಿ ನಿಯಮಗಳು ಇದಕ್ಕೆ 7 ವರ್ಷಗಳ ಮಿತಿ ಹಾಕಿವೆ. ಅದಕ್ಕಿಂತ ಹೆಚ್ಚು ಕಾಲ ಇಟ್ಟುಕೊಳ್ಳುವಂತಿಲ್ಲ. ಪ್ರಕರಣ ಮುಗಿದ ಮೇಲೆ ಸನ್ನಡತೆ ಪ್ರಮಾಣಪತ್ರಕ್ಕಾಗಲಿ ಬೇರೆ ಕಾರಣಕ್ಕಾಗಲಿ ಪೊಲೀಸರು ಆ ದಾಖಲೆಯನ್ನು ಬಹಿರಂಗಪಡಿಸಬಾರದು ಎಂದು ಕಲಂ 74 ಹೇಳುತ್ತದೆ. ಕೇಂದ್ರದ ಭದ್ರತಾ ಪಡೆಯೊಂದರ ನೇಮಕಾತಿಗೆ ಸಂಬಂಧಿಸಿದ ಪ್ರಕರಣದಲ್ಲಿ, ಬಾಲ್ಯದಲ್ಲಿ ದಾಖಲಾದ ಮೊಕದ್ದಮೆಯ ಕಾರಣಕ್ಕೆ ಕೆಲಸ ನಿರಾಕರಿಸುವಂತಿಲ್ಲ ಎಂದು 2019ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿದೆ.

ಇದಕ್ಕೆ ಒಂದು ದೊಡ್ಡ ಅಪವಾದ ಇದೆ. 16 ವರ್ಷ ತುಂಬಿದವರು ಘೋರ ಅಪರಾಧ, ಅಂದರೆ ಕನಿಷ್ಠ 7 ವರ್ಷ ಶಿಕ್ಷೆಯಿರುವ ಅಪರಾಧ ಮಾಡಿ, ಮಕ್ಕಳ ನ್ಯಾಯಾಲಯವು ಅವರನ್ನು ವಯಸ್ಕರಂತೆ ವಿಚಾರಣೆ ನಡೆಸಿ ತಪ್ಪಿತಸ್ಥರೆಂದು ಕಂಡರೆ ಈ ವಿನಾಯಿತಿ ಇಲ್ಲ. ಅವರ ದಾಖಲೆಯನ್ನು ನ್ಯಾಯಾಲಯ ಉಳಿಸಿಕೊಳ್ಳುತ್ತದೆ. ಹೊರದೇಶಗಳ ವೀಸಾ ಅರ್ಜಿಗಳಲ್ಲಿ ಕೇಳುವ ಪ್ರಶ್ನೆಗಳೂ ಆಯಾ ದೇಶದ ಕಾನೂನಿಗೆ ಅನುಗುಣವಾಗಿರುತ್ತವೆ. ಆದುದರಿಂದ ಅರ್ಜಿ ತುಂಬುವ ಮೊದಲು ವಕೀಲರ ಸಲಹೆ ಪಡೆಯುವುದು ಒಳ್ಳೆಯದು.

ವಿಚ್ಛೇದನ ಮತ್ತು ದತ್ತು ಪ್ರಕರಣಗಳು

ಹೆತ್ತವರ ಜಗಳದಲ್ಲೂ ಮಕ್ಕಳ ಹೆಸರು ಕಡತ ಸೇರುತ್ತದೆ. ಕುಟುಂಬ ನ್ಯಾಯಾಲಯಗಳ ಕಾಯ್ದೆ 1984ರ ಕಲಂ 11ರಂತೆ ಗಂಡ ಹೆಂಡತಿಯರಲ್ಲಿ ಯಾರಾದರೂ ಒಬ್ಬರು ಕೇಳಿಕೊಂಡರೂ ಸಾಕು, ಮುಚ್ಚಿದ ಬಾಗಿಲಿನಲ್ಲಿ ವಿಚಾರಣೆ ನಡೆಸಬೇಕು. ಹಿಂದೂ ವಿವಾಹ ಕಾಯ್ದೆ 1955ರ ಕಲಂ 22 ಇಂಥ ವಿಚಾರಣೆಯ ವಿವರ ಮುದ್ರಿಸುವುದನ್ನೇ ತಡೆಯುತ್ತದೆ. ಕ್ರೈಸ್ತರಿಗೆ ಅನ್ವಯಿಸುವ 1869ರ ವಿಚ್ಛೇದನ ಕಾಯ್ದೆಯ ಕಲಂ 53 ಬಾಗಿಲು ಮುಚ್ಚುವುದನ್ನು ನ್ಯಾಯಾಲಯದ ವಿವೇಚನೆಗೆ ಬಿಟ್ಟಿದೆ. ಆದರೆ ಪ್ರಕರಣ ಕುಟುಂಬ ನ್ಯಾಯಾಲಯದಲ್ಲಿದ್ದರೆ ಕಲಂ 11ರ ಹಕ್ಕನ್ನು ಅವರೂ ಕೇಳಬಹುದು. ಕೇಳದಿದ್ದರೆ ಸಿಗುವುದಿಲ್ಲ ಎಂಬುದನ್ನು ಮರೆಯಬಾರದು.

ದತ್ತು ಪ್ರಕ್ರಿಯೆಯೂ ಗುಟ್ಟಾಗಿಯೇ ನಡೆಯುತ್ತದೆ. 2021ರ ತಿದ್ದುಪಡಿಯ ಬಳಿಕ, 2022ರ ಸೆಪ್ಟೆಂಬರ್‌ನಿಂದ, ದತ್ತು ಆದೇಶ ನೀಡುವ ಅಧಿಕಾರ ನ್ಯಾಯಾಲಯದಿಂದ ಜಿಲ್ಲಾಧಿಕಾರಿಗಳಿಗೆ ಬಂದಿದೆ. ಅಧಿಕಾರ ಬದಲಾದರೂ ಗೋಪ್ಯತೆಯ ನಿಯಮ ಬದಲಾಗಿಲ್ಲ.

ಅಂತರ್ಜಾಲ ತಂದ ಹೊಸ ತೊಡಕು

ಹಿಂದೆ ನ್ಯಾಯಾಲಯದ ಕಡತ ನೋಡಬೇಕಾದರೆ ಅರ್ಜಿ ಹಾಕಿ, ಶುಲ್ಕ ಕಟ್ಟಿ ಕಾಯಬೇಕಿತ್ತು. ದಾಖಲೆ ಕೋಣೆಯ ಧೂಳೇ ಒಂದು ಬಗೆಯ ರಕ್ಷಣೆಯಾಗಿತ್ತು. ಇಂದು ತೀರ್ಪುಗಳು ಅಂತರ್ಜಾಲದಲ್ಲಿ ಲಭ್ಯ. ಹೈಕೋರ್ಟ್ ಮತ್ತು ಸುಪ್ರೀಂ ಕೋರ್ಟ್ ತೀರ್ಪುಗಳನ್ನು ಪ್ರಕಟಿಸುವುದು ಅಪರಾಧವಲ್ಲ ಎಂದು ನ್ಯಾಯ ಸಂಹಿತೆಯ ಕಲಂ 73ರ ವಿವರಣೆಯಲ್ಲೇ ಇದೆ. ಹಾಗಾಗಿ ತೀರ್ಪಿನ ಒಳಗೆ ಹೆಸರು ಉಳಿದುಬಿಟ್ಟರೆ ಒಂದೇ ಹುಡುಕಾಟಕ್ಕೆ ಅದು ಸಿಗುತ್ತದೆ. ಎಚ್ಚರ ವಹಿಸಬೇಕಾದ ಜಾಗ ಇದೇ.

ಈ ವಿಷಯದಲ್ಲಿ ಕರ್ನಾಟಕ ಹೈಕೋರ್ಟ್ ಮುಂಚೂಣಿಯಲ್ಲಿತ್ತು. 2017ರ ಜನವರಿಯಲ್ಲಿ ತಂದೆಯೊಬ್ಬರು ತಮ್ಮ ಮಗಳ ಹೆಸರು ಹಳೆಯ ಆದೇಶದಿಂದಾಗಿ ಅಂತರ್ಜಾಲದಲ್ಲಿ ಕಾಣುತ್ತಿದೆ ಎಂದು ಅರ್ಜಿ ಸಲ್ಲಿಸಿದ್ದರು. ಆಕೆ ಅಪ್ರಾಪ್ತೆಯಲ್ಲ, ವಿವಾಹಿತ ಮಹಿಳೆ. ಹುಡುಕಾಟದಲ್ಲಿ ಆಕೆಯ ಹೆಸರು ಕಾಣಿಸದಂತೆ ನೋಡಿಕೊಳ್ಳಲು ನ್ಯಾಯಮೂರ್ತಿ ಆನಂದ ಬೈರಾರೆಡ್ಡಿಯವರು ರಿಜಿಸ್ಟ್ರಿಗೆ ಸೂಚಿಸಿದರು. ದೃಢೀಕೃತ ಪ್ರತಿಯಲ್ಲಿ ಮಾತ್ರ ಹೆಸರು ಇರುತ್ತದೆ ಎಂದೂ ಹೇಳಿದರು. 'ಮರೆಸಿಕೊಳ್ಳುವ ಹಕ್ಕು' ಎಂದು ಕರೆಯಲಾಗುವ ಈ ವಿಚಾರ ವಯಸ್ಕರ ಮಟ್ಟಿಗೆ ಇನ್ನೂ ಚರ್ಚೆಯಲ್ಲಿದೆ. 2024ರ ಫೆಬ್ರವರಿಯಲ್ಲಿ ಖುಲಾಸೆಗೊಂಡ ವ್ಯಕ್ತಿಯೊಬ್ಬರ ತೀರ್ಪನ್ನು ಜಾಲತಾಣದಿಂದ ತೆಗೆಯಲು ಮದ್ರಾಸ್ ಹೈಕೋರ್ಟ್ ಹೇಳಿತ್ತು. ಜುಲೈಯಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ನೀಡಿತು. ಮಕ್ಕಳ ಪ್ರಕರಣಗಳಲ್ಲಿ ಇಂಥ ಗೊಂದಲವಿಲ್ಲ. ಅಲ್ಲಿ ಕಲಂ 74 ಮತ್ತು 2018ರ ತೀರ್ಪು ಸ್ಪಷ್ಟವಾಗಿವೆ.

ಎಲ್ಲ ದೇಶಗಳಲ್ಲೂ ಹೀಗೆಯೇ ಇಲ್ಲ. ಅಮೆರಿಕದಲ್ಲಿ ದಾಖಲೆ ಮುಚ್ಚುವ ನಿಯಮ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಕಾನೂನುಬದ್ಧವಾಗಿ ತಿಳಿದುಕೊಂಡ ಬಾಲಾಪರಾಧಿಯ ಹೆಸರನ್ನು ಪ್ರಕಟಿಸಿದ ಪತ್ರಿಕೆಯನ್ನು ಶಿಕ್ಷಿಸಲಾಗದು ಎಂದು ಅಲ್ಲಿನ ಸುಪ್ರೀಂ ಕೋರ್ಟ್ 1979ರಲ್ಲಿ ಹೇಳಿದೆ. ನಮ್ಮ ಕಾನೂನು ಮಗುವಿನ ಕಡೆಗೆ ಹೆಚ್ಚು ವಾಲಿದೆ.

ಹೆಸರಿಲ್ಲದೆಯೂ ಗುರುತು ಬಯಲಾಗುತ್ತದೆ

ನಮ್ಮಂಥ ಚಿಕ್ಕ ಊರುಗಳಲ್ಲಿ ಹೆಸರು ಹೇಳಬೇಕೆಂದೇ ಇಲ್ಲ. "ಇಂಥ ಗ್ರಾಮದ, ಇಂಥ ಶಾಲೆಯ 9ನೇ ತರಗತಿಯ, ರಿಕ್ಷಾ ಚಾಲಕರ ಮಗಳು" ಎಂದರೆ ಸಾಕು, ಸಂಜೆಯೊಳಗೆ ಎಲ್ಲರಿಗೂ ತಿಳಿಯುತ್ತದೆ. ಆರೋಪಿ ತಂದೆಯೋ ಮಾವನೋ ಆಗಿದ್ದರೆ ಅವರ ಹೆಸರು ಹಾಕುವುದೂ ಮಗುವಿನ ಹೆಸರು ಹಾಕಿದಂತೆಯೇ. ವಾಟ್ಸಾಪ್ ಗುಂಪಿನಲ್ಲಿ ಎಫ್‌ಐಆರ್ ಪ್ರತಿ ಹಂಚುವವರು, "ಮಗುವಿಗೆ ನ್ಯಾಯ ಸಿಗಲಿ" ಎಂದು ಫೋಟೊ ಸಹಿತ ಸಂದೇಶ ಕಳುಹಿಸುವವರು ಒಳ್ಳೆಯ ಮನಸ್ಸಿನಿಂದಲೇ ಹಾಗೆ ಮಾಡುತ್ತಿರಬಹುದು. ಆದರೂ ಅದು ಅಪರಾಧ. ಸಂಘ ಸಂಸ್ಥೆಗಳ ಸಭೆ, ಶಾಲೆಯ ಸ್ಟಾಫ್ ರೂಮ್, ಪ್ರಾರ್ಥನಾ ಕೋರಿಕೆ, ಎಲ್ಲ ಕಡೆಯೂ ಈ ಎಚ್ಚರ ಬೇಕು.

ಮೊಹರು ಯಾರ ರಕ್ಷಣೆಗೆ?

ಗೋಪ್ಯತೆ ಇರುವುದು ಮಗುವಿಗಾಗಿ. ತಪ್ಪಿತಸ್ಥರನ್ನು ಮರೆಮಾಚಲು ಅಥವಾ ಸಂಸ್ಥೆಯ ಮಾನ ಉಳಿಸಲು ಅದನ್ನು ಬಳಸುವಂತಿಲ್ಲ. ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದದ್ದು ತಿಳಿದವರೆಲ್ಲರೂ ಪೊಲೀಸರಿಗೆ ಅಥವಾ ವಿಶೇಷ ಬಾಲ ಪೊಲೀಸ್ ಘಟಕಕ್ಕೆ ತಿಳಿಸಲೇಬೇಕು ಎಂದು ಪೋಕ್ಸೊ ಕಲಂ 19 ಕಡ್ಡಾಯಗೊಳಿಸಿದೆ. ತಿಳಿಸದವರಿಗೆ 6 ತಿಂಗಳವರೆಗೆ, ತಮ್ಮ ಕೈಕೆಳಗಿನವರ ತಪ್ಪನ್ನು ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥರಿಗೆ 1 ವರ್ಷದವರೆಗೆ ಶಿಕ್ಷೆ ಇದೆ. ಶಾಲೆ, ಹಾಸ್ಟೆಲ್, ಆಸ್ಪತ್ರೆ, ಧಾರ್ಮಿಕ ಸಂಸ್ಥೆ ಎಲ್ಲವಕ್ಕೂ ಇದು ಒಂದೇ. ಮಗುವಿನ ಹೆಸರು ಮುಚ್ಚಿಡಬೇಕು, ಅಪರಾಧವನ್ನಲ್ಲ. ಈ ವ್ಯತ್ಯಾಸವನ್ನು ನಮ್ಮ ಸಂಸ್ಥೆಗಳನ್ನು ನಡೆಸುವ ಪ್ರತಿಯೊಬ್ಬರೂ ಮನದಟ್ಟು ಮಾಡಿಕೊಳ್ಳಬೇಕು.

ಹೆತ್ತವರು ಗಮನಿಸಬೇಕಾದ ಅಂಶಗಳು

1. ದೂರು ಕೊಡುವಾಗಲೇ ಎಫ್‌ಐಆರ್ ಅಂತರ್ಜಾಲಕ್ಕೆ ಹೋಗಬಾರದು ಎಂಬುದನ್ನು ಠಾಣಾಧಿಕಾರಿಗೆ ನೆನಪಿಸಿ. ಎಫ್‌ಐಆರ್ ಪ್ರತಿಯನ್ನು ಯಾರ ಮೊಬೈಲಿಗೂ ಕಳುಹಿಸಬೇಡಿ.

2. ಪ್ರತಿ ಅರ್ಜಿಯಲ್ಲೂ ಹೆಸರಿನ ಬದಲು ಸಂಕೇತ ಬಳಸುವಂತೆ, ಹೆಸರಿರುವ ಕಾಗದಗಳನ್ನು ಮುಚ್ಚಿದ ಲಕೋಟೆಯಲ್ಲಿ ಸಲ್ಲಿಸುವಂತೆ ವಕೀಲರಿಗೆ ಹೇಳಿ.

3. ಆದೇಶ ಅಥವಾ ತೀರ್ಪು ಬಂದ ಕೂಡಲೇ ಓದಿಸಿ ನೋಡಿ. ಹೆಸರು, ಊರು, ಶಾಲೆ ಉಳಿದಿದ್ದರೆ ತೆಗೆಯಲು ಅದೇ ನ್ಯಾಯಾಲಯಕ್ಕೆ ಅರ್ಜಿ ಹಾಕಿ.

4. ಬಾಲನ್ಯಾಯ ಮಂಡಳಿಯಲ್ಲಿ ಪ್ರಕರಣ ಮುಗಿದಿದ್ದರೆ, ದಾಖಲೆ ನಾಶದ ಆದೇಶ ಆಗಿದೆಯೇ ಎಂದು ವಿಚಾರಿಸಿ. ಅಂತಿಮ ಆದೇಶದ ಪ್ರತಿಯನ್ನು ಜೋಪಾನವಾಗಿಡಿ.

5. ಹಣವಿಲ್ಲವೆಂದು ಹಿಂಜರಿಯಬೇಡಿ. ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆ 1987ರಂತೆ ಮಕ್ಕಳಿಗೆ, ಮನೆಯ ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಸಿಗುತ್ತದೆ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವನ್ನು ಅಥವಾ 15100 ಸಂಖ್ಯೆಯನ್ನು ಸಂಪರ್ಕಿಸಬಹುದು. ಅಪಾಯದಲ್ಲಿರುವ ಮಗುವಿನ ಬಗ್ಗೆ ತಿಳಿಸಲು ಮಕ್ಕಳ ಸಹಾಯವಾಣಿ 1098 ಇದೆ.

ಪ್ರಿಯ ಓದುಗರೇ, ನ್ಯಾಯಾಲಯ ಎಷ್ಟೇ ಭದ್ರವಾಗಿ ಲಕೋಟೆಗೆ ಮೊಹರು ಹಾಕಿದರೂ ಊರಿನ ಬಾಯಿಗೆ ಮೊಹರು ಹಾಕಲು ಅದಕ್ಕೆ ಸಾಧ್ಯವಿಲ್ಲ. ಅದು ನಮ್ಮ ಕೆಲಸ. ಮುಂದಿನ ಸಲ ಇಂಥ ಸುದ್ದಿ ಕಿವಿಗೆ ಬಿದ್ದಾಗ "ಯಾರ ಮನೆಯ ಮಗು?" ಎಂದು ಕೇಳದಿರೋಣ. ಆ ಪ್ರಶ್ನೆ ಅಲ್ಲಿಗೇ ನಿಂತರೆ ಆ ಮಗು ನಾಳೆ ತಲೆಯೆತ್ತಿ ಶಾಲೆಗೆ ಹೋಗಬಲ್ಲದು.